ನನ್ನ ಪಾಳಿಯ ದಿನ

ಅಂಗನವಾಡಿ ಪುಕ್ಕಟೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಉರಿಯುತ್ತದೆ. ಭದ್ರಾವತಿಯ ನಮ್ಮ ಬೀದಿಯ ಅಂಗನವಾಡಿ ಮಧ್ಯಾಹ್ನದ ಊಟ ಮುಗಿಯುತ್ತಲೇ ಬಾಗಿಲು ಹಾಕುತ್ತಿತ್ತು. ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ಹೋಗುತ್ತಿದ್ದ ನಾವು ತಾಯಂದಿರು ಟೀಚರನ್ನು ಕಾಡಿಬೇಡಿ ಸಂಜೆಯವರೆಗೂ ತೆರೆಸಿದೆವು. ಅವರು ಹಾಕಿದ್ದು ಒಂದೇ ಷರತ್ತು: ದಿನಕ್ಕೊಬ್ಬ ತಾಯಿ ಕೆಲಸ ಬಿಟ್ಟು ಬಂದು ಮಕ್ಕಳನ್ನು ನೋಡಿಕೊಳ್ಳಬೇಕು.

ಒಮ್ಮೆ ಅಂಗನವಾಡಿಯ ನನ್ನ ಪಾಳಿಯ ಹಿಂದಿನ ದಿನ ಕಾರ್ಖಾನೆಯಲ್ಲಿ ರಜಾ ಕೇಳಿದಾಗ ಸೂಪರ್‌ವೈಸರ್ ಮುಖ ಎತ್ತದೆ ಹೇಳಿದರು, "ನಾಳೆ ಬರ್ಲಿಲ್ಲ ಅಂದ್ರೆ ನಾಡಿದ್ದೂ ಬರೋದು ಬೇಡಮ್ಮ." ನಾನು ಪಾಳಿ ತಪ್ಪಿಸಿದರೆ ಅಷ್ಟೂ ಮಕ್ಕಳು ಮಧ್ಯಾಹ್ನವೇ ಬೀದಿಪಾಲು. ಮರುದಿನ ಅಂಗನವಾಡಿಗೇ ಹೋದೆ.

ದಿನವಿಡೀ ಎಲ್ಲರ ಮೇಲೂ ಸಿಡುಕಿದೆ. ಮಕ್ಕಳ ಮೂಗು ಒರೆಸುವಾಗಲೂ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ನನ್ನನ್ನು ತಡೆಯುವುದೇ ಕಣ್ಣ ಮುಂದೆ ಬರುತ್ತಿತ್ತು. ಮಗಳು ಮಾತ್ರ ನನ್ನ ಸೆರಗು ಹಿಡಿದುಕೊಂಡು, "ಇವ್ರು ನಮ್ಮಮ್ಮ" ಎಂದು ಎಲ್ಲರಿಗೂ ತೋರಿಸುತ್ತಿದ್ದಳು.

ಸಂಜೆ ಬಾಗಿಲಿಗೆ ಬೀಗ ಹಾಕುವಾಗ ಅವಳು ಕೇಳಿದಳು, "ಅಮ್ಮಾ, ನಾಳೆ ನೀನು ಮನೇಲೇ ಇರ್ತೀಯಾ?"

"ಇದ್ರೂ ಇರ್ಬೋದು ಮಾರಾಯ್ತಿ," ಎಂದೆ.

ಬೀದಿಯುದ್ದಕ್ಕೂ ಅವಳು ಕುಣಿಯುತ್ತ ಬಂದಳು.