ಮೂರನೆಯ ತಂತಿ

ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ರೇಡಿಯೊಗಳೇ ಹೆಚ್ಚಿದ್ದವು. ಹೊರಗಿನ ಕೋಣೆಯೇ ಅಪ್ಪನ ರಿಪೇರಿ ಅಂಗಡಿ. ಎಲ್ಲಿ ನೋಡಿದರೂ ಹೊಟ್ಟೆ ಬಿಚ್ಚಿಕೊಂಡು ಬಿದ್ದ ರೇಡಿಯೊಗಳು, ತಂತಿಯ ಸಿಂಬಿಗಳು, ಬೆಸುಗೆಯ ಹೊಗೆ. ಈಗಲೂ ಎಲ್ಲಾದರೂ ಬೆಸುಗೆಯ ರಾಳ ಸುಟ್ಟ ವಾಸನೆ ಬಂದರೆ ಅಪ್ಪ ಪಕ್ಕದಲ್ಲೇ ಕೂತಿದ್ದಾನೆ ಅನ್ನಿಸುತ್ತದೆ.

ನಿಮ್ಮ ದೊಡ್ಡಾಯಿಯ ಬಲಗೈ ಯಾಕೆ ಸದಾ ಮುಷ್ಟಿ ಕಟ್ಟಿದಂತಿತ್ತು ಎಂದು ನೀವು ನೂರು ಸಲ ಕೇಳಿದ್ದೀರಿ. ದೊಡ್ಡಾಯಿ ಅಂದರೆ ನನ್ನ ಅಕ್ಕ. ರೊಟ್ಟಿ ಹಂಚು ತಾಗಿ ಸುಟ್ಟಿತು ಎಂದು ನಾನು ನೂರು ಸಲವೂ ಹೇಳಿದ್ದೇನೆ. ಅದು ಸುಳ್ಳು. ಅವಳೂ ಬದುಕಿರುವವರೆಗೆ ಆ ಸುಳ್ಳಿಗೆ ತಲೆ ಆಡಿಸಿದಳು. ಈಗ ಅವಳಿಲ್ಲ. ಇವತ್ತು ನಿಜ ಹೇಳುತ್ತೇನೆ, ಸುಮ್ಮನೆ ಕೂತು ಕೇಳಿ.

ಆಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅವ್ವ ಹಿಂದಿನ ವರ್ಷವೇ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳದೊಂದು ಫೋಟೊ ಕೂಡ ನಮ್ಮಲ್ಲಿರಲಿಲ್ಲ. ಇದ್ದದ್ದು ಅವಳ ದನಿ ಮಾತ್ರ. ಹುಮನಾಬಾದಿನ ಮಾಸ್ತರರೊಬ್ಬರ ಬಳಿ ದೊಡ್ಡ ಚಕ್ರಗಳ ಟೇಪ್‌ರೆಕಾರ್ಡರ್ ಇತ್ತು. ಅದು ಒಮ್ಮೆ ರಿಪೇರಿಗೆ ಬಂದಾಗ, ಸರಿಯಾಯಿತೋ ಇಲ್ಲವೋ ನೋಡಲೆಂದು, ಬೀಸುವಾಗ ಅವ್ವ ಹಾಡುವ ಪದವನ್ನು ಅಪ್ಪ ಅವಳಿಗೆ ಹೇಳದೆ ತುಂಬಿಕೊಂಡಿದ್ದ. ಮಾಸ್ತರರು ಆ ಟೇಪನ್ನು ನಮಗೇ ಬಿಟ್ಟುಕೊಟ್ಟಿದ್ದರು. ಆದರೆ ಅದನ್ನು ತಿರುಗಿಸುವ ಯಂತ್ರ ನಮ್ಮಲ್ಲಿ ಇರಬೇಕಲ್ಲ? ಹೀಗಾಗಿ ಅವ್ವನ ದನಿ ಒಂದು ವರ್ಷದಿಂದ ದೇವರ ಗೂಡಿನಲ್ಲಿ ಹಳದಿ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಆ ಬೇಸಿಗೆಯಲ್ಲಿ ಅದೇ ಯಂತ್ರ ಬೆಲ್ಟ್ ಹರಿದುಕೊಂಡು ಮತ್ತೆ ನಮ್ಮ ಅಂಗಡಿಗೆ ಬಂತು. ಮರುದಿನ ಶಾಲೆಯ ಕಾರ್ಯಕ್ರಮಕ್ಕೆ ಬೇಕೆಂದು, ಸಂಜೆ ಬಂದು ಒಯ್ಯುವುದಾಗಿ ಮಾಸ್ತರರು ಹೇಳಿಹೋಗಿದ್ದರು. ಅಕ್ಕನ ಮದುವೆಗೆ ಇನ್ನು ಎಂಟೇ ದಿನ. ಮೋರಖಂಡಿಯಲ್ಲಿ ಒಕ್ಕಲುತನದ ದೊಡ್ಡ ಮನೆ, ಹುಡುಗನೂ ಒಳ್ಳೆಯವನು. ಬೆಳಿಗ್ಗೆ ಅಕ್ಕ ನೆಲ ಸಾರಿಸುತ್ತ, ತಲೆ ಎತ್ತದೆ ಅಪ್ಪನಿಗೆ ಅಂದಳು: "ಅವ್ವನ ದನಿ ಒಮ್ಮೆ ಕೇಳಸ್ತಿಯೇನಪ್ಪ? ಆ ಮನಿಗಿ ಹೋದಮ್ಯಾಲ ನಾ ಎಲ್ಲಿ ಕೇಳ್ಲಿ?"

ಅಪ್ಪ ಬೆಲ್ಟ್ ಹಾಕಿದ. ಯಂತ್ರದ ಸ್ವಂತ ಸ್ಪೀಕರ್ ಹರಿದಿದ್ದರಿಂದ ಅದನ್ನು ತನ್ನ ಸ್ಟೀರಿಯೊ ಆಂಪ್ಲಿಫೈಯರಿಗೆ ಜೋಡಿಸಿದ. ಈಗ ನಮ್ಮ ಮನೆಯ ಅಟ್ಟದಿಂದ ನೀವು ಇಳಿಸಿದ್ದೀರಲ್ಲ, ಅದೇ ಪೆಟ್ಟಿಗೆ. ಹೈದರಾಬಾದಿನ ಹಳೆ ಸಾಮಾನಿನ ಪೇಟೆಯಿಂದ ಅದನ್ನು ಹೊತ್ತು ತಂದು, ತಿಂಗಳುಗಟ್ಟಲೆ ಕೂತು ಅಪ್ಪನೇ ಜೀವ ಬರಿಸಿದ್ದ. ಒಳಗಿನ ಗಾಜಿನ ವಾಲ್ವುಗಳು ಒಲೆಯ ಕೆಂಡದಂತೆ ಮೆಲ್ಲಗೆ ಕೆಂಪಾದವು. ನಾವಿಬ್ಬರೂ ಅದರ ಸ್ಪೀಕರಿನ ಮುಂದೆ ಕೂತೆವು. ಬಂದದ್ದು ಅವ್ವನ ದನಿಯಲ್ಲ, ಬರೀ 'ಗುಂಯ್' ಎನ್ನುವ ಸದ್ದು. ಟೇಪ್ ತುಂಬುವಾಗ ಅವ್ವ ಒಳಗಿನ ಕೋಣೆಯಲ್ಲಿ ದೂರ ಕೂತಿದ್ದಳು, ಅವಳ ದನಿ ಸಣ್ಣದಾಗಿತ್ತು. ದನಿ ಏರಿಸಿದರೆ ಅದರ ಎರಡರಷ್ಟು ಗುಂಯ್ ಏರುತ್ತಿತ್ತು.

ಅಪ್ಪ ಅಂಗಿ ಕಳಚಿ ಕೆಲಸಕ್ಕೆ ಕೂತ. ಎಡಗಡೆಯ ವಾಲ್ವ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿ ನೋಡಿದ. ಗುಂಯ್ ಇದ್ದಲ್ಲೇ ಇತ್ತು. ಹೊಸ ಕಂಡೆನ್ಸರ್ ಬೆಸೆದ. ಸದ್ದು ಒಂದು ತೂಕ ಕಡಿಮೆಯಾಯಿತು, ನಿಲ್ಲಲಿಲ್ಲ. ಒಳಗಿನ ತಂತಿಗಳನ್ನು ಜಡೆಯಂತೆ ಹೆಣೆದ. ಮಧ್ಯಾಹ್ನವಾಯಿತು, ರೊಟ್ಟಿ ತಣ್ಣಗಾಯಿತು, ಬೆವರು ಅವನ ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ಟೇಪಿನಿಂದ ಬರುವ ವೈರನ್ನು ಕಿತ್ತು ನೋಡಿದ. ಕೋಣೆ ಗಪ್ಪಾಯಿತು. ಮತ್ತೆ ಸಿಕ್ಕಿಸಿದ, ಮತ್ತೆ ಗುಂಯ್.

"ಸಿಕ್ಕ ನೋಡು ಕಳ್ಳ!" ಅಂದ ಅಪ್ಪ. "ಇದರ ಪ್ಲಗ್ಗು ಈ ಕೋಣಿ ಬೋರ್ಡಿನ್ಯಾಗ ಅದ, ಟೇಪಿಂದು ಒಳಗಿನ ಬೋರ್ಡಿನ್ಯಾಗ. ಎರಡಕ್ಕೂ ಬ್ಯಾರೆಬ್ಯಾರೆ ಅರ್ಥಿಂಗ್. ಅದಕ್ಕ ಹಿಂಗ ಗುಂಯ್ ಅನ್ನಾಕತ್ತದ. ಎರಡೂ ಒಂದ ಬೋರ್ಡಿಗಿ ಹಚ್ಚಬೇಕು. ಒಂದೊಂದರಾಗ ಒಂದ ಪ್ಲಗ್ಗಿನ ಜಾಗ ಅದ, ಎರಡಕ್ಕ ಮಾಡ್ಲಾಕ ಮೂರು ತಂತಿ ದಪ್ಪ ವೈರ್ ಬೇಕು. ಹುಮನಾಬಾದಿನ್ಯಾಗ ಸಿಗ್ತದ, ನಾಳಿ ತರ್ತೀನಿ."

"ನಾಳಿಗಿ ಮಾಸ್ತರರ ಪೆಟಗಿ ಎಲ್ಲಿರ್ತದಪ್ಪ?" ಅಂದಳು ಅಕ್ಕ. ಆಮೇಲೆ ತಾನೇ, "ಇರ್ಲಿ ಬಿಡು. ಹಣೀಬಾರ" ಅಂದು ಎದ್ದು ಒಳಗೆ ಹೋದಳು. ಅವಳು ಬಿಟ್ಟುಬಿಟ್ಟಿದ್ದಳು, ಮಕ್ಕಳೇ. ಬಿಡದೆ ಹಟ ಹಿಡಿದವಳು ನಾನು.

ಹಿಂದಿನ ವಾರ ಮುಡಬಿಯಿಂದ ಒಬ್ಬ ತನ್ನ ಆಂಪ್ಲಿಫೈಯರ್ ತಂದಿದ್ದ. ಗುಂಯ್ ನಿಲ್ಲಲೆಂದು ಅವನು ಪ್ಲಗ್ಗಿನೊಳಗಿನ ಮೂರನೆಯ ತಂತಿ, ಅಂದರೆ ಅರ್ಥಿಂಗ್ ತಂತಿ, ಕಡಿದುಹಾಕಿದ್ದ. ಅಪ್ಪ ಅವನನ್ನು ಬೀದಿಗೆ ಕೇಳುವಂತೆ ಬೈದಿದ್ದ: "ಗುಂಯ್ ಅಂದ್ರ ಕಿವಿ ನೋಯ್ತದ. ಇದು ಇಲ್ಲಂದ್ರ ಜೀವ ಹೋಗ್ತದ. ಮೂರನೇ ತಂತಿ ಕಡ್ಯಾವನ ಕೈ ಕಡೀಬೇಕು!" ಬೈಗುಳ ನನ್ನ ತಲೆಯಲ್ಲಿ ನಿಂತಿರಲಿಲ್ಲ. ಕಡಿದರೆ ಸದ್ದು ನಿಲ್ಲುತ್ತದೆ ಎನ್ನುವುದೊಂದೇ ನಿಂತಿತ್ತು.

"ಮುಡಬಿಯಾಂವ ಮಾಡಿದಂಗ ಮಾಡಪ್ಪ. ಒಮ್ಮೆ ಅಷ್ಟ" ಅಂದೆ. ಅಪ್ಪ ಕಣ್ಣು ಕೆಂಪು ಮಾಡಿದ. ನಾನು ಅತ್ತೆ. ಅಳುತ್ತ ಅಳುತ್ತ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಮಾತು ಬಾಯಿಗೆ ಬಂತು: "ನಂಗ ಅವ್ವನ ದನಿ ಮರ್ತು ಹೋಗ್ಯಾದಪ್ಪ."

ಅಪ್ಪ ನನ್ನ ಕಣ್ಣು ಒರೆಸಿದ. ಆಮೇಲೆ ಪಕ್ಕಡ ತೆಗೆದುಕೊಂಡು ಪ್ಲಗ್ ಬಿಚ್ಚಿ, ಮೂರನೆಯ ತಂತಿಯನ್ನು ಕಚಕ್ಕನೆ ಕಡಿದ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಮನುಷ್ಯ, ಯಾವ ಗಿರಾಕಿಗೂ ಮಾಡಿಕೊಡದ ಕೆಲಸವನ್ನು ನನ್ನ ಅಳುವಿಗೆ ಮಾಡಿದ.

ಗುಂಯ್ ನಿಂತಿತು. ಮೊದಲು ಬೀಸುಕಲ್ಲಿನ ಗರಗರ, ಬಳೆಯ ಸದ್ದು, ಒಂದು ಸಣ್ಣ ಕೆಮ್ಮು. ಆಮೇಲೆ ಅವ್ವ ಹಾಡಿದಳು. ಅಕ್ಕ ಬಾಗಿಲಿಗೆ ಒರಗಿ ನಿಂತೇ ಕೇಳಿದಳು. ಅಪ್ಪ ಗೋಡೆಗೆ ಮುಖ ಮಾಡಿದ್ದ. ಅದೇ ದನಿ, ನಾನು ಮರೆತೇ ಇರಲಿಲ್ಲ! ಪದ ಅರ್ಧಕ್ಕೆ ನಿಲ್ಲಿಸಿ, ಎದ್ದು ಬಂದು ಅವ್ವ ಬೈದದ್ದೂ ಟೇಪಿನಲ್ಲಿತ್ತು: "ಇದೇನ್ರೀ ಇದು, ತಿರಗಾಕತ್ತದ? ಆರಸ್ರಿ ಮೊದಲ!"

ಅಕ್ಕ ಅಳುತ್ತಲೇ ನಕ್ಕಳು. "ಆರಸ್ತೀನವ್ವ" ಅಂದು ಬಂದು ಟೇಪಿನ ವೈರ್ ಕಿತ್ತಿಟ್ಟಳು. ಕೋಣೆಯ ನಡುವೆ ಇದ್ದ ಆಂಪ್ಲಿಫೈಯರನ್ನು ಗೋಡೆಯ ಕಡೆಗೆ ಸರಿಸಲು ಬಲಗೈಯಿಂದ ಅದರ ಕಬ್ಬಿಣದ ಅಂಚು ಹಿಡಿದಳು. ಸಂಜೆ ಮಾಸ್ತರರು ಬರುತ್ತಾರೆಂದು ಅವಳು ಆಗತಾನೇ ಹೊಸ್ತಿಲ ಕಡೆ ಇನ್ನೊಮ್ಮೆ ಸಾರಿಸಿದ್ದಳು. ಬರಿಗಾಲು ಹಸಿಯಾಗಿತ್ತು.

ಅವಳು ಕೂಗಲಿಲ್ಲ. ಕೂಗಲು ಆಗಲಿಲ್ಲ. ಕೈ ಪೆಟ್ಟಿಗೆಗೆ ಅಂಟಿಕೊಂಡಿತು, ಮೈಯೆಲ್ಲ ಸೆಟೆಯಿತು, ಕಣ್ಣು ನನ್ನ ಮೇಲೆಯೇ ಇತ್ತು. ಅಪ್ಪ ಕಟ್ಟಿಗೆಯ ಮಣೆ ಎತ್ತಿ ಪ್ಲಗ್ಗಿಗೆ ಹೊಡೆದ. ಎರಡನೆಯ ಏಟಿಗೆ ಅದು ಕಿತ್ತು ಬಂತು. ಅಕ್ಕ ಬಿದ್ದಳು. ಸಗಣಿಯ ಹಸಿ ವಾಸನೆಯ ನಡುವೆ ಸುಟ್ಟ ವಾಸನೆ ಬಂತು. ಅದು ರಾಳದ್ದಲ್ಲ.

ಪೆಟ್ಟಿಗೆಯೊಳಗೆ ಇಲಿ ಒಂದು ತಂತಿಯ ಮೈ ಕಡಿದಿತ್ತು. ಸರಿಸಿದಾಗ ಅದು ಕಬ್ಬಿಣಕ್ಕೆ ತಾಗಿತ್ತು. ಮೂರನೆಯ ತಂತಿ ಇದ್ದಿದ್ದರೆ ಫ್ಯೂಸ್ ಹಾರುತ್ತಿತ್ತು, ಅಷ್ಟೇ. ಅಕ್ಕ ಬದುಕಿದಳು. ಅಂಗೈ ಬೆಂದು ಬೆರಳುಗಳು ಒಳಕ್ಕೆ ಸೇದಿಕೊಂಡವು, ಮತ್ತೆ ಬಿಚ್ಚಲಿಲ್ಲ. ಐದನೆಯ ದಿನ ಮೋರಖಂಡಿಯಿಂದ ಹಿರಿಯರೊಬ್ಬರು ಬಂದು, ಚಹಾ ಕೂಡ ಮುಟ್ಟದೆ ಅಂದರು: "ತಪ್ಪು ತಿಳ್ಕೋಬ್ಯಾಡ್ರಿ. ದೊಡ್ಡ ಮನಿ. ಬಲಗೈ ಇಲ್ಲದ ಸೊಸಿ ರೊಟ್ಟಿ ಹ್ಯಾಂಗ ಬಡೀತಾಳ್ರಿ?" ಒಳಗೆ ಅಕ್ಕನಿಗೆ ಅದು ಕೇಳಿಸಿತು. ಮರುದಿನದಿಂದಲೇ ಅವಳು ಎಡಗೈಯಲ್ಲಿ ರೊಟ್ಟಿ ಬಡಿಯಲು ಕಲಿತಳು. ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿನ ಆ ರೊಟ್ಟಿಯನ್ನು ನೀವೂ ತಿಂದು ಬೆಳೆದಿದ್ದೀರಿ.

ಅಪ್ಪ ಇಲಿ ಕಡಿದ ತಂತಿ ಬದಲಿಸಿ, ಮೂರನೆಯ ತಂತಿಯನ್ನು ಮತ್ತೆ ಗಟ್ಟಿಯಾಗಿ ಬೆಸೆದ. ಅದಾದ ಮೇಲೆ ಕರೆಂಟಿನ ಯಾವ ಸಾಮಾನನ್ನೂ ಮುಟ್ಟಲಿಲ್ಲ. ಸೆಲ್ ಹಾಕುವ ರೇಡಿಯೊ ಮಾತ್ರ ರಿಪೇರಿ ಮಾಡಿದ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನೂ ಬೈಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಮ್ಮೆ ನಾನೇ ಆ ಮಾತು ತೆಗೆದೆ. "ಅವ್ವನ ದನಿ ಕೇಳ್ದೆವಲ್ಲ, ಬಿಡು" ಅಂದಳು. ಆ ಟೇಪನ್ನು ಮತ್ತೆ ಯಾರೂ ಹಚ್ಚಲಿಲ್ಲ.

ನಿಮ್ಮ ಕಾಲ ಬೇರೆ. ನನ್ನ ದನಿ ನಿಮ್ಮ ಫೋನಿನಲ್ಲಿ ಬೇಕಾದಷ್ಟಿದೆ, ಹೆಚ್ಚಿನದು ಬೈಗುಳ. ಮರೆಯುತ್ತೇವೆ ಎಂಬ ಭಯ ನಿಮಗಿಲ್ಲ. ಆದರೆ ಮೊನ್ನೆ ಭಾನುವಾರ ನಿಮ್ಮಲ್ಲಿ ದೊಡ್ಡವನು ಆ ಪೆಟ್ಟಿಗೆಗೆ ಕಂಪ್ಯೂಟರ್ ಜೋಡಿಸಿದಾಗ ಅದೇ ಗುಂಯ್ ಬಂತು. ಫೋನಿನಲ್ಲಿ ಏನೋ ನೋಡಿ, "ಆಯಿ, ಪ್ಲಗ್ಗಿನ ದಪ್ಪ ಪಿನ್ ತೆಗದ್ರ ನಿಲ್ತದಂತ" ಅಂದು ಅವನು ಪಕ್ಕಡ ಹಿಡಿದ. ಮೂರನೆಯ ತಂತಿ ಸೇರುವುದು ಆ ಪಿನ್ನಿಗೇ. ನಾನು ಅವನ ಕೆನ್ನೆಗೆ ಹೊಡೆದೆ. ಹುಟ್ಟಿದಾಗಿನಿಂದ ಒಂದು ಏಟೂ ಹಾಕದ ಆಯಿ ಹೊಡೆದಳೆಂದು ಅವನು ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ.

ಬಾ ಇಲ್ಲಿ, ಕೈ ಕೊಡು. ಪೂರ್ತಿ ಬಿಚ್ಚು, ಬೆರಳೆಲ್ಲ ನೋಡುತ್ತೇನೆ. ಅಪ್ಪ ತರುತ್ತೇನೆಂದ ಮೂರು ತಂತಿಯ ವೈರ್ ಈಗ ನಮ್ಮ ಓಣಿಯ ಅಂಗಡಿಯಲ್ಲೇ ಸಿಗುತ್ತದೆ. ನಾಳೆ ಇಬ್ಬರೂ ಹೋಗಿ ತರೋಣ. ಅಲ್ಲಿಯವರೆಗೆ ಅದು ಗುಂಯ್ ಅನ್ನುತ್ತಿರಲಿ.