‘ಏನೂ ಆಗಲ್ಲ’ ಎನ್ನದ ಅತ್ತೆ

ಯಾರಾದರೂ ‘ಏನೂ ಆಗಲ್ಲ ಬಿಡು’ ಎಂದರೆ ನನಗೆ ಮೈ ಉರಿಯುತ್ತದೆ. ಆಗುತ್ತದೋ ಇಲ್ಲವೋ ಇವರಿಗೇನು ಗೊತ್ತು? ಹೇಳಿ ಎದ್ದು ಹೋಗಿಬಿಡುತ್ತಾರೆ. ಧೈರ್ಯ ಹೇಳುವುದು ಎಂದರೆ ಏನೆಂದು ನಾನು ಕಲಿತದ್ದು ನನ್ನ ಅತ್ತೆಯಿಂದ, ಕಾಫಿ ಗಿಡಗಳ ನಡುವೆ.

ಶಿರಂಗಾಲದ ಬಯಲಿನಿಂದ ಗುಡ್ಡದ ಊರಾದ ಗಾಳಿಬೀಡಿಗೆ ಸೊಸೆಯಾಗಿ ಬಂದ ಮೊದಲ ವರ್ಷ ಅದು. ಬೆಳಗಿನ ಮಂಜಿನಲ್ಲಿ ನಾವಿಬ್ಬರೇ ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದೆವು. ಹತ್ತಿರದಲ್ಲೇ ಕೊಂಬೆ ಮುರಿದ ಸದ್ದಾಯಿತು. ಮಂಜು ಕೊಂಚ ಸರಿದಾಗ ನೋಡಿದರೆ, ಎರಡು ಸಾಲಿನಾಚೆ ಒಂಟಿ ಆನೆ. ಗುಡ್ಡವೇ ಎದ್ದು ಬಂದು ಉಸಿರಾಡುತ್ತಿದ್ದಂತಿತ್ತು.

ಅತ್ತೆ ನನ್ನ ಮಣಿಕಟ್ಟು ಹಿಡಿದೆಳೆದು ಗಿಡದ ಮರೆಯಲ್ಲಿ ಕೂರಿಸಿಕೊಂಡರು.

“ಅತ್ತೆ, ಏನಾದ್ರೂ ಮಾಡುತ್ತಾ?” ಎಂದೆ.

“ಗೊತ್ತಿಲ್ಲ ಮಗಾ,” ಎಂದು ಪಿಸುಗುಟ್ಟಿದರು. “ಆನೆ ಉಂಟು. ನಾನೂ ಉಂಟು. ಅಲ್ಲಾಡ್ಬೇಡ.”

ಅವರ ಕೈ ನಡುಗುತ್ತಿತ್ತು. ಹಿಡಿತ ಮಾತ್ರ ಸಡಿಲವಾಗಲಿಲ್ಲ. ವಿಚಿತ್ರವೆಂದರೆ, ಆ ನಡುಕ ತಿಳಿದ ಮೇಲೆಯೇ ನನ್ನ ಭಯ ಇಳಿಯತೊಡಗಿತು. ನನ್ನಷ್ಟೇ ಹೆದರಿದ ಜೀವವೊಂದು ಓಡಿಹೋಗದೆ ನನ್ನ ಪಕ್ಕ ಕೂತಿದೆಯಲ್ಲ!

ಸ್ವಲ್ಪ ಹೊತ್ತಿಗೆ ಆನೆ ತಿರುಗಿ ಮಂಜಿನೊಳಗೆ ಕರಗಿಹೋಯಿತು. ಆಮೇಲೆ ಎಷ್ಟೋ ಆನೆಗಳನ್ನು ಕಂಡಿದ್ದೇನೆ, ಈಗ ಅಷ್ಟಾಗಿ ಬೆರಗಾಗುವುದಿಲ್ಲ. ಆ ಕೈಯನ್ನು ನೆನೆದರೆ ಮಾತ್ರ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅಂದಿನಿಂದ ಯಾರಾದರೂ ‘ಏನೂ ಆಗಲ್ಲ’ ಎಂದರೆ, ಅವರ ಕೈ ಎಲ್ಲಿದೆ ಎಂದು ಮೊದಲು ನೋಡುತ್ತೇನೆ.