ಅಕ್ಕನ ಹಾಡು, ಗಿಟಾರಿನ ಗೊಗ್ಗರು ದನಿ

ಎಂಬತ್ತರ ದಶಕದಲ್ಲಿ ನಾನು ಮಾಲೂರಿನ ಹೆಂಚಿನ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತ. ರಜೆ ಸಿಕ್ಕಾಗ ಕೋಲಾರದ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಅದೇ ತಂಡದಲ್ಲಿ ನನ್ನ ಅಕ್ಕ ಹಾಡುತ್ತಿದ್ದಳು. ಮದುವೆಯಾಗಿ ಮುಳಬಾಗಿಲಿಗೆ ಹೋದ ಮೇಲೆ ಅದು ನಿಂತುಹೋಗಿತ್ತು. ಒಂದು ವರ್ಷ ಅಲ್ಲಿನ ಗಣೇಶೋತ್ಸವಕ್ಕೆ ನಮ್ಮನ್ನು ಕರೆದಾಗ ಅವಳ ಅತ್ತೆ ಹೇಗೋ ಒಪ್ಪಿದರು. "ಒಂದ್ಸಾರಿ ಹಾಡ್ಲಿ. ನಾಲ್ಕು ಜನ ನಗೋ ಹಂಗಾದ್ರೆ ಮತ್ತೆ ಬ್ಯಾಡ," ಎಂದರಂತೆ.

ಆ ಮಾತು ಕೇಳಿದಾಗಿನಿಂದ ನನಗೆ ತಳಮಳ. ಅದರ ಮೇಲೆ, ಬೆಂಗಳೂರಿನ ಗೆಳೆಯನೊಬ್ಬನಿಂದ ಡಿಸ್ಟಾರ್ಷನ್ ಪೆಡಲ್ ಬೇರೆ ತಂದಿದ್ದೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸಿ ಕಾಲಿನಿಂದ ಒತ್ತುವ ಪುಟ್ಟ ಡಬ್ಬಿ ಅದು. ಒತ್ತಿದರೆ ತಂತಿಯ ನಾದ ಒರಟಾಗುತ್ತಿತ್ತು.

ಮೊದಲ ಹಾಡಿಗೇ ಒತ್ತಿದೆ. ಅಕ್ಕ ಬಾಯಿ ತೆರೆದದ್ದು ಕಂಡಿತು, ದನಿ ಕೇಳಲಿಲ್ಲ. ಬೆರಳು ಹಗುರ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಮೆಲ್ಲಗೆ ಮೀಟಿದರೂ ಜೋರಾಗಿ ಮೀಟಿದರೂ ಒಂದೇ ಸಮ ಗರಗರ. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಸೆರಗನ್ನು ಕಿವಿಗೆ ಒತ್ತಿಕೊಂಡರು.

"ಸ್ಪೀಕರ್ ಹರ್ದೋಗಿದೆ ನೋಡ್ರಪ್ಪಾ!" ಎಂದು ಯಾರೋ ಕೂಗಿದರು. ಜನ ನಕ್ಕರು.

ಹಾಡು ಮುಗಿದಾಗ ಅಕ್ಕ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಲೇ, ನನ್ ದನಿ ನಂಗೇ ಕೇಳಿಸ್ತಿಲ್ಲ ಕಣೋ. ಏನಾದ್ರೂ ಮಾಡೋ."

ಡಬ್ಬಿ ಕಿತ್ತು ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಸಿಕ್ಕಿಸಿದೆ. ಆದರೆ ಮುಂದಿನ ಹಾಡಿನಲ್ಲೂ ಗಿಟಾರು ಒರಟಾಗಿ ಏರಬೇಕಿತ್ತು. ನಮ್ಮದು ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವಿನ ಆಂಪ್ಲಿಫೈಯರು. ವಾಲ್ಯೂಮ್ ಮಿತಿಮೀರಿ ಏರಿಸಿದರೆ ವಾಲ್ವ್ ತಾಳಲಾರದೆ ನಾದ ತಾನಾಗಿಯೇ ಒಡೆಯುತ್ತದೆ. ಓವರ್‌ಡ್ರೈವ್ ಎಂದರೆ ಅದೇ. ಸುಟ್ಟುಹೋದೀತೆಂದು ಅಷ್ಟು ದೂರ ನಾನು ಯಾವತ್ತೂ ಏರಿಸಿರಲಿಲ್ಲ. ಹಾಡಿನ ಮಧ್ಯೆ ಸುಟ್ಟರೆ ಅಕ್ಕನ ಹಾಡುಗಾರಿಕೆ ಅಲ್ಲಿಗೇ ಮುಗಿದಂತೆ. ಸದ್ದು ಜನರಿಗೆ ರಾಚದಂತೆ ಆಂಪ್ಲಿಫೈಯರಿನ ಮುಖವನ್ನು ಹಿಂದಿನ ಪರದೆಯ ಕಡೆಗೆ ಮಾಡಿ, ವಾಲ್ಯೂಮ್ ಪೂರ್ತಿ ತಿರುಗಿಸಿದೆ.

ಅಕ್ಕ ಮೆಲ್ಲಗೆ ಎತ್ತಿಕೊಂಡಳು. ಹಗುರವಾಗಿ ಮೀಟಿದೆ, ನಾದ ತಿಳಿಯಾಗಿ ಬಂತು. ಅವಳು ಮೇಲೇರಿದಾಗ ಒತ್ತಿ ಮೀಟಿದೆ. ನಾದದ ಅಂಚು ಸಣ್ಣಗೆ ಒಡೆದು ಅವಳ ಜೊತೆಗೇ ಏರಿತು. ಬೆರಳು ಸಡಿಲಿಸಿದರೆ ಮತ್ತೆ ತಿಳಿ. ಡಬ್ಬಿ ನನ್ನ ಬೆರಳಿನ ಮಾತು ಕೇಳಿರಲಿಲ್ಲ, ಇದು ಕೇಳುತ್ತಿತ್ತು. ಆದರೂ ಸುಖಪಡುವಂತಿರಲಿಲ್ಲ. ಬೆನ್ನ ಹಿಂದಿನಿಂದ ಕಾದ ಧೂಳಿನ ವಾಸನೆ ಬರುತ್ತಿತ್ತು. ಪ್ರತಿ ಸಾಲಿಗೂ, ಈಗ ಹೋಯಿತು, ಈಗ ಹೋಯಿತು ಎಂದುಕೊಳ್ಳುತ್ತಿದ್ದೆ.

ಹೋಗಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮ ಮುಗಿದ ಮೇಲೆ ಅತ್ತೆ ವೇದಿಕೆಯ ಪಕ್ಕಕ್ಕೆ ಬಂದರು. ಅವರ ಮನೆಮಾತು ತೆಲುಗು, ಸೊಸೆಯನ್ನು ಕೋಡಲು ಎನ್ನುತ್ತಿದ್ದರು. "ಏನಪ್ಪಾ, ಮೊದ್ಲು ಯಾಕೆ ಹಂಗೆ ಕಿರುಚಿಸ್ದೆ? ನಮ್ಮ ಕೋಡಲು ದನೀನೇ ಕೇಳ್ಲಿಲ್ಲ," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, "ಶ್ರೀನಿವಾಸಪುರದಾಗೆ ನನ್ ತಮ್ಮನ ಮಗಳ ಮದ್ವೆ ಐತೆ. ಅಲ್ಲೂ ಹಾಡಮ್ಮಾ," ಎಂದರು.

ಅಕ್ಕ ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. ನನಗೋ, ಆ ಮದುವೆಯವರೆಗೆ ಆಂಪ್ಲಿಫೈಯರು ಬದುಕೀತೇ ಎಂಬ ಹೊಸ ಚಿಂತೆ. ಬದುಕಿತು. ಅಕ್ಕ ಅಲ್ಲೂ ಹಾಡಿದಳು, ಆಮೇಲೂ ಹಾಡಿದಳು. ಪ್ರತಿ ಸಲವೂ ನಾನು ಬೆವರಿದೆ.